ಫ್ರಿಜ್ಜಿನಲ್ಲಿ ಗಟ್ಟಿಯಾದ ಎಣ್ಣೆ

ಪುತ್ತೂರಿನ ಕಾಲೇಜೊಂದರಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗಿನ ಮಾತು. ನೆನಪಾದರೆ ಈಗಲೂ ವಾಕರಿಕೆ ಬರುತ್ತದೆ.

ತೆಂಗಿನೆಣ್ಣೆ ಮತ್ತು ನೀರು ಬೇರೆಯಾಗದಂತೆ ಹಿಡಿದಿಡುವ ಒಂದು ಪಾಲಿಮರ್ ನನ್ನ ವಿಷಯ. ಮೂವತ್ತೆರಡು ಡಿಗ್ರಿಯ ಕೆಳಗೆ ಅದು ಎಣ್ಣೆಯ ಹನಿಗಳನ್ನು ಸುತ್ತಿಕೊಂಡು, ಎಲ್ಲವೂ ಹಾಲಿನಂತೆ ಬೆಳ್ಳಗಿರಬೇಕು; ಅದಕ್ಕಿಂತ ಬಿಸಿಯಾದರೆ ಮುದುಡಿ ಎಣ್ಣೆಯನ್ನು ಬಿಟ್ಟುಕೊಡಬೇಕು. ಮಾರ್ಚ್‌ನಲ್ಲಿ ಪುತ್ತೂರಿನ ಮಧ್ಯಾಹ್ನ ಅಷ್ಟು ಬಿಸಿ ಇದ್ದೇ ಇರುತ್ತದೆ. ಅದಕ್ಕೇ ಈ ಮಿಶ್ರಣ ತುಂಬಿದ ಟ್ಯೂಬುಗಳನ್ನು ಫ್ರಿಜ್ಜಿನಲ್ಲಿಟ್ಟೆ. ಮೂರು ವಾರವಾದರೂ ಮೇಲಿಂದ ಕೆಳಗಿನವರೆಗೆ ಒಂದೇ ಬಿಳಿ. ಫೋಟೊ ತೆಗೆದೆ. ಗೈಡ್ ಭೇಷ್ ಎಂದರು. ಇದರ ಬಗ್ಗೆ ಬರೆಯುತ್ತಿದ್ದ ಲೇಖನ ಪ್ರಕಟವಾದರೆ ಪದವಿ, ಪದವಿ ಸಿಕ್ಕಿದರೆ ಅದೇ ಕಾಲೇಜಿನಲ್ಲಿ ತಾತ್ಕಾಲಿಕವಾಗಿದ್ದ ನನ್ನ ಪಾಠದ ಕೆಲಸ ಖಾಯಂ.

ಅದೇ ಫ್ರಿಜ್ಜಿನಲ್ಲಿ ಗೈಡ್ ಮನೆಗೆ ಒಯ್ಯುವ ಬಂಗುಡೆ ಮೀನನ್ನೂ ಇಡುತ್ತಿದ್ದರು. ಒಮ್ಮೆ ಒಯ್ಯಲು ಮರೆತರು. ಬೆಳಿಗ್ಗೆ ನೋಡಿದರೆ ಮೀನಿನ ನೀರು ಸೋರಿ ನನ್ನ ಟ್ಯೂಬುಗಳ ಮೇಲೆಲ್ಲ ಇಳಿದಿತ್ತು. ಥೂ! ಅದನ್ನು ತೊಳೆಯಲು ಬಂದವರು ಆಲೆಟ್ಟಿಯ ಕಡೆಯ ಅಟೆಂಡರ್ ಅಕ್ಕ. ಒಂದು ಟ್ಯೂಬನ್ನು ಒರೆಸಿ, ಓರೆ ಮಾಡಿ ನೋಡಿದರು.

“ಇದೆಂತ ಮಾರಾಯ್ರೆ, ಎಣ್ಣೆ ಗಟ್ಟಿ ಆದದ್ದಲ್ವಾ? ನಮ್ಮಲ್ಲಿ ಚಳಿಗೆ ಬಾಟ್ಲಿಯಲ್ಲಿ ಹೀಗೇ ಆಗುದು.”

ನಾನು ನಕ್ಕೆ. ಆದರೂ ಟ್ಯೂಬುಗಳನ್ನು ಮೇಜಿನ ಮೇಲಿಟ್ಟೆ. ಕೋಣೆಯಲ್ಲಿ ಆಗ ಇಪ್ಪತ್ತೆಂಟು ಡಿಗ್ರಿ. ಪಾಲಿಮರ್ ಕೈಬಿಡುವಷ್ಟು ಬಿಸಿಯೇನಲ್ಲ. ಗಂಟೆಯೊಳಗೆ ಮೇಲೆ ಎಣ್ಣೆ, ಕೆಳಗೆ ನೀರು! ಇಷ್ಟು ದಿನ ಹಿಡಿದಿಟ್ಟದ್ದು ಪಾಲಿಮರ್ ಅಲ್ಲ, ಫ್ರಿಜ್ಜಿನ ಚಳಿ. ಮರ್ಕಂಜದ ಮನೆಯಲ್ಲಿ ಡಿಸೆಂಬರ್ ಬಂತೆಂದರೆ ಎಣ್ಣೆ ಬಾಟ್ಲಿಯನ್ನು ಬಿಸಿಲಿಗಿಟ್ಟು ಕರಗಿಸಿ ತಲೆಗೆ ಹಚ್ಚಿಕೊಂಡು ಬೆಳೆದವಳು ನಾನು. ನನ್ನ ಬುದ್ಧಿಗೆ ಏನು ಹೇಳಲಿ!

ಗೈಡ್ ಹತ್ತಿರ ಓಡಿದೆ. ಅಕ್ಕ ತೊಳೆದುಕೊಟ್ಟ ಮೀನನ್ನು ಬೇರೆ ಚೀಲಕ್ಕೆ ಹಾಕುತ್ತಿದ್ದ ಅವರು ತಲೆ ಎತ್ತಲೇ ಇಲ್ಲ.

“ಫೋಟೊದಲ್ಲಿ ಬೆಳ್ಳಗೆ ಉಂಟಲ್ಲ? ಫ್ರಿಜ್ಜಿನ ಸುದ್ದಿ ಬರೆಯುದು ಬೇಡ. ಕೋಣೆಯ ಉಷ್ಣತೆಯಲ್ಲಿ ಮೂರು ವಾರ ಅಂತ ಹಾಕಿ. ಯಾರು ಬಂದು ನೋಡ್ತಾರೆ?”

ಆ ಕೈ, ಆ ವಾಸನೆ, ಆ ಮಾತು, ಎಲ್ಲವೂ ಅಸಹ್ಯವಾಯಿತು. ಆದರೆ ಅವರು ಹೇಳಿದ್ದನ್ನು ಟೈಪ್ ಮಾಡಿದ ಬೆರಳುಗಳು ನನ್ನವೇ.

ಲೇಖನ ಬಂತು, ಪದವಿಯೂ ಬಂತು. ವಿಭಾಗದಲ್ಲಿ ಎಲ್ಲರಿಗೂ ಲಾಡು ಹಂಚಿದೆ. ಅಕ್ಕ ಲಾಡನ್ನು ಕೈಯಲ್ಲೇ ಹಿಡಿದು ನಿಂತರು.

“ಹಾಗಾದ್ರೆ ಅದು ಎಣ್ಣೆ ಗಟ್ಟಿ ಆದದ್ದಲ್ಲ, ಅಲ್ವಾ? ನನಗೆಂತ ಗೊತ್ತುಂಟು! ಬಾಯಿಗೆ ಬಂದದ್ದು ಹೇಳಿ ನಿಮ್ಮನ್ನು ಸುಮ್ಮನೆ ಹೆದರಿಸಿದೆ. ಬೇಜಾರು ಮಾಡ್ಬೇಡಿ, ಆಯ್ತಾ?”

“ಪರವಾಗಿಲ್ಲ ಅಕ್ಕ,” ಎಂದೆ.