ಉತ್ತಯ್ಯನವರ ಹೊಸ ಕೋವಿ

ಸಂಜೆ ಕಸದ ಬಿನ್ನನ್ನು ಬೀದಿಗೆ ತಳ್ಳಲು ಹೋದವನು ಗೇಟಿನ ಹತ್ತಿರವೇ ನಿಂತುಬಿಟ್ಟೆ. ನವೆಂಬರಿನ ಮೊದಲ ವಾರ, ಇಲ್ಲಿಯ ಇಂಗ್ಲಿಷರು ತಮ್ಮ ಹಬ್ಬಕ್ಕೆ ಪಟಾಕಿ ಹೊಡೆಯುವ ಕಾಲ. ಎದುರುಮನೆಯ ಹಿತ್ತಿಲಿನಿಂದ ಒಂದು ಬಾಣ ಮೇಲೆ ಹೋಗಿ, ಜಿನುಗು ಮಳೆಯಲ್ಲಿ ಅರೆಮನಸ್ಸಿನಿಂದ ಸಿಡಿಯಿತು. ಮೋಡ ಎಷ್ಟು ತಗ್ಗಿನಲ್ಲಿತ್ತೆಂದರೆ ಬಣ್ಣವೇನೂ ಕಾಣಲಿಲ್ಲ. ಸುಟ್ಟ ಮದ್ದಿನ ವಾಸನೆ ಮಾತ್ರ ರಸ್ತೆ ದಾಟಿ ನನ್ನ ತನಕ ಬಂತು. ನಿಮಗೆ ಆ ವಾಸನೆ ದೀಪಾವಳಿಯನ್ನು ನೆನಪಿಸಬಹುದು. ನನಗೂ ಕೆಲವು ವರ್ಷಗಳ ಹಿಂದಿನವರೆಗೆ ಹಾಗೇ ಇತ್ತು. ಈಗ ಉತ್ತಯ್ಯ ನೆನಪಾಗುತ್ತಾರೆ.

ಡಾಕ್ಟರ್ ಉತ್ತಯ್ಯ ಕೊಡಗಿನವರು, ಮೂಳೆಯ ಸರ್ಜನ್. ನಾನು ಅರಿವಳಿಕೆ ಕೊಡುವವನು. ಮ್ಯಾಕಲ್ಸ್‌ಫೀಲ್ಡಿಗೆ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಬಹಳ ವರ್ಷ ಒಂದೇ ಥಿಯೇಟರಿನಲ್ಲಿ ದುಡಿದೆವು. ರೋಗಿಯ ತಲೆಯ ಹತ್ತಿರ ನಾನು, ಸೊಂಟದ ಹತ್ತಿರ ಅವರು, ನಡುವೆ ಒಂದು ಹಸಿರು ಪರದೆ. ಪರದೆಯ ಆ ಕಡೆಯಿಂದ ಅವರು ಹಂದಿಮಾಂಸದ ಪಂದಿಕರಿ ಮಾಡುವ ಬಗೆಯನ್ನು ಸಾವಧಾನವಾಗಿ ವರ್ಣಿಸುತ್ತಿದ್ದರು. ನಾನೋ ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿದವನು, ಮೊಟ್ಟೆ ಹಾಕಿದ ಕೇಕನ್ನು ಇವತ್ತಿಗೂ ಸ್ವಲ್ಪ ಅಳುಕಿನಿಂದಲೇ ತಿನ್ನುವವನು. ಮುಖಕ್ಕೆ ಮಾಸ್ಕ್ ಇದ್ದದ್ದು ಅನುಕೂಲವಾಯಿತು. ನಮ್ಮ ಕನ್ನಡ ಕೇಳಿದ ನರ್ಸುಗಳು, ಇವರಿಬ್ಬರಿಗೂ ದಿನಾ ಜಗಳ ಎಂದುಕೊಂಡಿದ್ದರಂತೆ.

ಅವರಿಗೆ ಒಂದೇ ಆಸೆ ಉಳಿದಿತ್ತು. ಸ್ವಂತದ್ದೊಂದು ಕೋವಿ ಬೇಕು. ಕೊಡಗಿನಲ್ಲಿ ಆಯುಧಗಳ ಹಬ್ಬದ ದಿನ ಹೂ ಮುಡಿಸಿ ಕೈಗೆ ಕೊಡುವ ವಸ್ತುವಿಗೆ ಈ ದೇಶದಲ್ಲಿ ಪೊಲೀಸರು ಮನೆಗೇ ಬರುತ್ತಾರೆ. ಗೋಡೆಗೆ ಬಿಗಿದ ಉಕ್ಕಿನ ಬೀರುವನ್ನು ಎಳೆದು ನೋಡುತ್ತಾರೆ. ಹೆಂಡತಿಯನ್ನು ಪಕ್ಕಕ್ಕೆ ಕರೆದು, ನಿಮ್ಮ ಗಂಡನಿಗೆ ಸಿಟ್ಟು ಬರುತ್ತದೆಯೇ ಎಂದು ಕೇಳುತ್ತಾರೆ. "ಬರುತ್ತೆ, ಬಾರದೆ ಏನು?" ಎಂದು ಅವರ ಹೆಂಡತಿ ಕಾವೇರಮ್ಮ ನಮಗೆ ಆಮೇಲೆ ಹೇಳಿ ನಕ್ಕಿದ್ದರು. "ಆದರೆ ಬೀರು ಕೀಲಿ ಹುಡುಕೋ ಹೊತ್ತಿಗೆ ಇಳಿದುಹೋಗಿರುತ್ತೆ. ಅವರಿಗೆ ಕನ್ನಡಕವೇ ಸಿಗೋದಿಲ್ಲ."

ಅಂತೂ ಲೈಸೆನ್ಸ್ ಬಂತು. ಗುರಿ ನೋಡುವ ಗಾಜಿನ ಸ್ಕೋಪ್ ಕೂಡಿಸಿದ ಹೊಸ ಬೇಟೆಯ ಕೋವಿಯೂ ಬಂತು. ಮ್ಯಾಕಲ್ಸ್‌ಫೀಲ್ಡಿನ ಮೇಲಿನ ಗುಡ್ಡದಲ್ಲಿ ಕುರಿ ಸಾಕುವ ಕೆನ್ ಎಂಬ ರೈತನಿಗೆ ಉತ್ತಯ್ಯ ಹಿಂದೆ ಸೊಂಟದ ಕೀಲು ಬದಲಿಸಿದ್ದರು. ಜಿಂಕೆಗಳು ಅವನ ಎಳೆ ಗಿಡಗಳನ್ನು ಬಿಡದೆ ಮೇಯುತ್ತಿದ್ದವು. ಬಂದು ಹೊಡೆಯಿರಿ ಡಾಕ್ಟರ್ ಎಂದು ಅವನೇ ಕರೆದಿದ್ದ.

ಆದರೆ ಹೊಸ ಕೋವಿ ಹಿಡಿದು ನೇರ ಬೇಟೆಗೆ ಹೊರಡುವಂತಿಲ್ಲ. ಸ್ಕೋಪಿನೊಳಗಿನ ಎರಡು ಗೆರೆ ಕೂಡಿ ತೋರಿಸುವ ಜಾಗಕ್ಕೂ ಗುಂಡು ಬೀಳುವ ಜಾಗಕ್ಕೂ ಮೊದಲು ಹೊಂದಾಣಿಕೆಯಾಗಬೇಕು. ಮದುವೆ ಮುಗಿದ ಮೇಲೆ ಜಾತಕ ಕೂಡಿಸಿದ ಹಾಗೆ ಎನ್ನಿ. ನೂರು ಗಜ ದೂರದಲ್ಲಿ, ಹಿಂದೆ ಮಣ್ಣಿನ ದಿಣ್ಣೆ ಇರುವ ಕಡೆ, ಒಂದು ಕಾಗದ ಅಂಟಿಸುತ್ತಾರೆ. ಕೋವಿಯನ್ನು ಮರಳುಚೀಲದ ಮೇಲಿಟ್ಟು ಒಂದೇ ಬಿಂದುವಿಗೆ ಮೂರು ಗುಂಡು ಹೊಡೆಯುತ್ತಾರೆ. ಬಿದ್ದ ಜಾಗ ನೋಡಿ ಸ್ಕೋಪಿನ ತಿರುಪು ತಿರುಗಿಸುತ್ತಾರೆ. ಇಷ್ಟನ್ನೂ ಉತ್ತಯ್ಯ ಕಾರಿನಲ್ಲಿ ನನಗೆ ಪಾಠ ಮಾಡಿದರು. ದುರ್ಬೀನಿನಲ್ಲಿ ನೋಡಿ ಗುಂಡು ಎಲ್ಲಿ ಬಿತ್ತೆಂದು ಹೇಳುವುದು ನನ್ನ ಕೆಲಸ.

"ಮೂರೂ ಒಟ್ಟಿಗೆ ಎಲ್ಲಾದರೂ ಬೀಳಲಿ, ಚಿಂತೆ ಇಲ್ಲ," ಎಂದರು. "ತಪ್ಪು ಒಂದೇ ಥರ ಇದ್ದರೆ ಸರಿ ಮಾಡಬಹುದು ಮಾರಾಯ. ಒಂದೊಂದು ಸಲ ಒಂದೊಂದು ಥರ ಆದರೆ ದೇವರಿಗೂ ಆಗೋದಿಲ್ಲ."

ಅಕ್ಟೋಬರಿನ ಶನಿವಾರ. ಗುಡ್ಡದ ನಡುವಿನ ಒಂದು ತಗ್ಗು, ಹುಲ್ಲೆಲ್ಲ ಕಂದಿತ್ತು. ಕಲ್ಲುಗೋಡೆಗಳು ಒದ್ದೆಯಾಗಿ ಕಪ್ಪಗೆ ಮಿನುಗುತ್ತಿದ್ದವು. ಕೆನ್ ಒಂದು ಹಳೆಯ ಮೇಜು ತಂದು ಹಾಕಿದ್ದ. ನಾನು ಎರಡು ಸ್ವೆಟರಿನ ಮೇಲೆ ಕೋಟು ತೊಟ್ಟು, ಕಿವಿಗೆ ದಪ್ಪ ಮುಚ್ಚಳ ಹಾಕಿ, ಸಂಧ್ಯಾವಂದನೆಗೆ ಕೂತವನಂತೆ ಕೂತೆ. ಮೊದಲ ಗುಂಡಿಗೆ ನನ್ನ ಕೈಯಲ್ಲಿದ್ದ ದುರ್ಬೀನು ಹಾರಿಬೀಳುವುದರಲ್ಲಿತ್ತು. ಕೆನ್ ಸಭ್ಯತೆಯಿಂದ ಆಕಾಶ ನೋಡಿದ.

"ಎಲ್ಲಿ?" ಎಂದರು ಉತ್ತಯ್ಯ.

"ಮೇಲೆ, ಎಡಕ್ಕೆ."

ಎರಡನೆಯದು ಕೆಳಗೆ ಬಲಕ್ಕೆ ಬಿತ್ತು. ಮೂರನೆಯದು ಕಾಗದದ ಮೇಲೆಯೇ ಇರಲಿಲ್ಲ.

ಸ್ಕೋಪಿನ ಹಿಡಿಕೆ ಸಡಿಲವಾಗಿದೆ ಎಂದು ಬಿಗಿ ಮಾಡಿದರು. ಮತ್ತೆ ಹೊಡೆದರು. ಗಾಳಿ ಜಾಸ್ತಿ ಎಂದು ಕಾದರು. ಬೇರೆ ಡಬ್ಬಿಯ ತೋಟಾ ಹಾಕಿದರು. ರಂಧ್ರಗಳು ಎರಚಿದ ಸಾಸಿವೆಯಂತೆ ಕಾಗದದ ತುಂಬ ಚದುರಿದವು. "ನೀನು ಸರಿಯಾಗಿ ನೋಡ್ತಿದ್ದೀಯೋ ಇಲ್ಲ ನಿದ್ದೆ ಮಾಡ್ತಿದ್ದೀಯೋ?" ಎಂದು ನನ್ನ ಮೇಲೂ ರೇಗಿದರು. ಹುಟ್ಟಾ ಗುರಿಕಾರ ಮನುಷ್ಯ. ಹಿಂದೆ ಕೆನ್‌ನ ಕೋವಿಯಲ್ಲಿ ಅವರು ಹೊಡೆದದ್ದನ್ನು ಕಂಡು ಅವನೇ ತಲೆದೂಗಿದ್ದನಂತೆ.

ಕೊನೆಗೆ ಕೆನ್, ನಾನೊಂದು ಸಲ ನೋಡಲೇ ಎಂದು ಕೇಳಿ ಮೇಜಿಗೆ ಕೂತ. ಮೂರು ಗುಂಡು ಹೊಡೆದ. ದುರ್ಬೀನಿನಲ್ಲಿ ನೋಡಿದೆ. ನಡುವಿನಿಂದ ಸ್ವಲ್ಪ ಕೆಳಗೆ, ಮೂರೂ ಒಂದನ್ನೊಂದು ಮುಟ್ಟಿಕೊಂಡಿದ್ದವು. ಒಂದು ನಾಣ್ಯ ಇಟ್ಟರೆ ಮುಚ್ಚಿಹೋಗುವಷ್ಟು. "ಕೋವಿಗೇನೂ ಆಗಿಲ್ಲ ಡಾಕ್ಟರ್, ಚಿನ್ನದಂಥದ್ದು," ಎಂದು ಅವನು ಖುಷಿಯಿಂದ ತಿರುಗಿದ. ಆಮೇಲೆ ನಮ್ಮ ಮುಖ ನೋಡಿದ. ಕುರಿ ನೋಡಿ ಬರುತ್ತೇನೆಂದು ಗೊಣಗಿ ಇಳಿಜಾರಿನಲ್ಲಿ ಹೊರಟುಹೋದ, ಉತ್ತಯ್ಯ ಕೂಡಿಸಿದ ಸೊಂಟದ ಮೇಲೆ ಸಲೀಸಾಗಿ ನಡೆಯುತ್ತ.

ಉತ್ತಯ್ಯ ಮತ್ತೆ ಮೇಜಿಗೆ ಕೂತರು. ತೋಟಾ ಹಾಕಲಿಲ್ಲ. ಕೋವಿಯನ್ನು ಹೆಗಲಿಗಾನಿಸಿ, ಬಲಗೈಯನ್ನು ಸುಮ್ಮನೆ ಅದರ ಜಾಗದಲ್ಲಿಟ್ಟರು.

"ಈಗ ಕಾಗದ ನೋಡಬೇಡ," ಎಂದರು. "ನನ್ನ ಕೈ ನೋಡು."

ನೋಡಿದೆ. ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದವು. ಹುರಿದ ಕಡಲೆಕಾಯಿ ಬೀಜದ ಸಿಪ್ಪೆ ತೆಗೆಯುವಾಗ ಬೆರಳು ಆಡುತ್ತದಲ್ಲ, ಹಾಗೆ. ತುಂಬ ಮೆತ್ತಗೆ, ಒಂದೇ ಲಯದಲ್ಲಿ, ಅವರ ಅಪ್ಪಣೆಯಿಲ್ಲದೆ. ಇಬ್ಬರೂ ಡಾಕ್ಟರುಗಳು. ಆ ಬೆರಳಾಟದ ಹೆಸರು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಹೇಳಲಿಲ್ಲ.

ಇಷ್ಟು ದಿನ ನನಗೆ ಯಾಕೆ ಕಾಣಲಿಲ್ಲ ಎಂದು ನೀವು ಕೇಳಬಹುದು. ಈ ನಡುಕದ ಸ್ವಭಾವವೇ ಹಾಗೆ. ಮೊದಮೊದಲು ಕೈ ಕೆಲಸದಲ್ಲಿರುವಾಗ ಅಡಗಿರುತ್ತದೆ, ಕೈ ಸುಮ್ಮನಿದ್ದಾಗ ಹೊರಬರುತ್ತದೆ. ಥಿಯೇಟರಿನಲ್ಲಿ ಉತ್ತಯ್ಯನವರ ಕೈ ಸುಮ್ಮನಿದ್ದದ್ದು ಯಾವಾಗ? ಕೊಯ್ಯುತ್ತಿತ್ತು, ಬಡಿಯುತ್ತಿತ್ತು, ಹೊಲಿಯುತ್ತಿತ್ತು. ಕೋವಿಯ ಕುದುರೆ ಎಳೆಯುವ ಕೈ ಸುತ್ತಿಗೆ ಹಿಡಿದಾಗ ಅಲುಗಲಿಲ್ಲ. ಮರಳುಚೀಲದ ಮೇಲೆ ಉಸಿರು ಬಿಗಿಹಿಡಿದು ಕಾಯಬೇಕಾದಾಗ ಸಿಕ್ಕಿಬಿತ್ತು.

"ಸೋಮವಾರ ಎರಡು ಸೊಂಟ ಇದೆ," ಎಂದರು.

"ಕೆಲಸ ಮಾಡುವಾಗ ನಿಮ್ಮ ಕೈ ನಡುಗಲ್ಲ ಉತ್ತಯ್ಯ. ಮೊನ್ನೆ ತಾನೇ ಜೊತೆಗೆ ಇದ್ದೆನಲ್ಲ. ಮೊದಲು ನ್ಯೂರಾಲಜಿಯವರಿಗೆ ತೋರಿಸೋಣ, ಅವರು ಏನಂತಾರೋ ನೋಡಿ ಆಮೇಲೆ..."

"ಆಮೇಲೆ ಏನು? ನಿದ್ದೆ ಬರಿಸೋನು ನೀನು. ನಿದ್ದೆಯಲ್ಲಿರೋರು ಬೇಡ ಅನ್ನೋದಕ್ಕಾಗುತ್ತಾ?"

ಆ ತಗ್ಗಿನಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಅವರು ಒಬ್ಬರೇ ಗುಡ್ಡ ಹತ್ತಿ, ಕಲ್ಲುಗೋಡೆಯ ಹತ್ತಿರ ನಿಂತು ಆಸ್ಪತ್ರೆಗೆ ಫೋನ್ ಮಾಡಿದರು. ಎಡಗೈಯಲ್ಲಿ ಫೋನು, ಬಲಗೈ ಜೇಬಿನಲ್ಲಿ. ಗಾಳಿಗೆ ಮಾತು ಕೇಳಿಸಲಿಲ್ಲ. ಇಳಿದು ಬಂದವರು, "ಆಯ್ತು," ಎಂದಷ್ಟೇ ಹೇಳಿ ಕೋವಿಯನ್ನು ಚೀಲಕ್ಕೆ ಹಾಕತೊಡಗಿದರು. ಜಿಪ್ ಎಳೆಯಲು ನಾನು ಕೈ ಚಾಚಿದೆ. "ಅಷ್ಟು ಮಾಡ್ತೀನಿ ಬಿಡು," ಎಂದರು.

ಥಿಯೇಟರಿನಲ್ಲಿ ಅದೇ ಅವರ ಕೊನೆಯ ವಾರವಾಯಿತು. ಮತ್ತೆಂದೂ ಅವರು ಚಾಕು ಹಿಡಿಯಲಿಲ್ಲ. ಆಪರೇಷನ್ ಮುಂದಕ್ಕೆ ಹೋದ ಇಬ್ಬರಲ್ಲಿ ಒಬ್ಬಾಕೆ ದೊಡ್ಡ ದೂರನ್ನೇ ಕೊಟ್ಟಳು, ತಿಂಗಳುಗಟ್ಟಲೆ ಕಾಯಿಸಿ ಕೊನೇ ಗಳಿಗೆಯಲ್ಲಿ ಕೈಕೊಟ್ಟರೆಂದು. ಉತ್ತಯ್ಯ ಕಾರಣ ಹೇಳಲು ಹೋಗಲಿಲ್ಲ, ಕ್ಷಮೆ ಕೇಳಿದರು. ಲೈಸೆನ್ಸನ್ನು ಪೊಲೀಸರಿಗೆ ತಾವೇ ಒಪ್ಪಿಸಿದರು. ಕೋವಿಯನ್ನು ಅಂಗಡಿಯವನು ವಾಪಸು ತೆಗೆದುಕೊಂಡ. ಅದರಿಂದ ಒಂದು ಜಿಂಕೆಯೂ ಸಾಯಲಿಲ್ಲ. ಖಾಲಿ ಉಕ್ಕಿನ ಬೀರುವಿನಲ್ಲಿ ಕಾವೇರಮ್ಮ ಕಂಬಳಿಗಳನ್ನಿಟ್ಟರು.

ಆಮೇಲಿನ ವರ್ಷಗಳನ್ನು ಹೇಳಲು ಮನಸ್ಸಿಲ್ಲ. ಗಟ್ಟಿ ಗಂಟಲು ಪಿಸುಮಾತಾಯಿತು. ಥಿಯೇಟರ್ ತುಂಬ ಕೇಳಿಸುತ್ತಿದ್ದ ನಗು, ಪಕ್ಕದಲ್ಲಿ ಕೂತರೂ ಕಣ್ಣಲ್ಲಿ ಮಾತ್ರ ಕಾಣುವಂತಾಯಿತು. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಕೊಡವರಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರಂತೆ. ಕಾವೇರಮ್ಮ ಬೇರೇನೂ ಕೇಳಲಿಲ್ಲ, "ಕೆನ್‌ಗೆ ಒಂದು ಮಾತು ಹೇಳ್ತೀರಾ?" ಎಂದರು. ನಾವು ಚಿತಾಗಾರದಲ್ಲಿ ನಮ್ಮ ಸರದಿಗಾಗಿ ಕಾಯುತ್ತಿದ್ದ ಹೊತ್ತಿಗೆ ಅವನು ತನ್ನ ಗುಡ್ಡದಲ್ಲಿ ಎರಡು ಗುಂಡು ಹಾರಿಸಿದ. ಅಷ್ಟು ದೂರ ನಮಗೆ ಕೇಳಿಸಲಿಲ್ಲ. ಗಡಿಯಾರ ನೋಡಿ ತಲೆತಗ್ಗಿಸಿದೆವು.

ಮಳೆ ಜೋರಾಗಿ ಎದುರುಮನೆಯವರು ಒಳಗೆ ಹೋದರು. ನಾನೂ ಬಂದು ಅಡುಗೆಮನೆಯಲ್ಲಿ ಕೂತೆ. ಕಳೆದ ವಾರ ಒಬ್ಬ ಅಜ್ಜಿಯ ಬೆನ್ನಿಗೆ ಸೂಜಿ ಹಾಕುವಾಗ ಜಾಗ ಸಿಗಲಿಲ್ಲ. ಮತ್ತೆ ಹುಡುಕಿದೆ. ಸವೆದ ಬೆನ್ನು ಎಂದುಕೊಂಡೆ. ಅದಕ್ಕೂ ಮೊದಲು ಹಾಗಾದಾಗ ದೀಪ ಸರಿಯಿಲ್ಲ ಎಂದಿದ್ದೆ, ಅದಕ್ಕೂ ಮೊದಲು ಸೂಜಿಯನ್ನು ಬೈದಿದ್ದೆ. ಟೀ ಆರುವ ತನಕ ನನ್ನ ಕೈಯನ್ನು ಮೇಜಿನ ಮೇಲಿಟ್ಟು ನೋಡಿದೆ. ಏನೂ ಕಾಣಲಿಲ್ಲ. ಕಣ್ಣಿರಬಹುದು, ಬರೀ ವಯಸ್ಸಿರಬಹುದು, ಏನೂ ಇಲ್ಲದೆಯೂ ಇರಬಹುದು.

ನಮ್ಮ ವಿಭಾಗದಲ್ಲಿ ಯಾರಿಗೆ ಯಾವ ದಿನ ಕೆಲಸವೆಂದು ರೋಟಾ ಹಾಕುವ ಶೈಲಾ ಹುಬ್ಬಳ್ಳಿಯ ಹುಡುಗಿ, ನನಗಿಂತ ಬಹಳ ಚಿಕ್ಕವಳು. ಅವಳಿಗೆ ಫೋನ್ ಮಾಡಿದೆ.

"ನಾಳೆ ನನ್ನ ಲಿಸ್ಟಿಗೆ ಇನ್ನೊಬ್ಬರನ್ನ ಹಾಕಮ್ಮ. ಸೂಜಿ ಅವರು ಹಾಕಲಿ. ನನ್ನನ್ನ ಯಾರಾದರೂ ಸರಿಯಾಗಿ ನೋಡೋ ತನಕ ನಾನು ಹಾಕೋದಿಲ್ಲ."

"ಯಾಕ್ರೀ ಸರ್, ಆರಾಮ ಇದ್ದೀರಿಲ್ಲೋ?"

"ಗೊತ್ತಿಲ್ಲಮ್ಮ," ಎಂದೆ. "ಅದಕ್ಕೇ ಕೇಳ್ತಿದ್ದೀನಿ."