ಪಕ್ಕದ ಬೆಡ್‌ನವರ ಎಡಗೈ

ಅವರ ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಹಗ್ಗದ ಹಾಗೆ ಉಬ್ಬಿದ ಒಂದು ನರವಿತ್ತು. ಮೇಲೆ ಬೆರಳಿಟ್ಟರೆ ಒಳಗೆ ಏನೋ ನಡುಗುವುದು ತಿಳಿಯುತ್ತಿತ್ತು. ಕಿವಿ ಇಟ್ಟರೆ ಗುಂಯ್ ಎಂದು ಕೇಳಿಸುತ್ತಲೂ ಇತ್ತು. ಡಯಾಲಿಸಿಸ್ ಮಾಡಿಸಿಕೊಳ್ಳುವ ನಮ್ಮಂಥವರಲ್ಲಿ ಬಹಳ ಜನರ ಕೈ ಹೀಗೆಯೇ. ದಪ್ಪ ಸೂಜಿ ಚುಚ್ಚಲು ಅನುಕೂಲವಾಗಲೆಂದು ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿರುತ್ತಾರೆ. ಫಿಸ್ಟುಲಾ ಎಂದು ಅದರ ಹೆಸರು. ಅಲ್ಲಿ ರಕ್ತ ರಭಸವಾಗಿ ನುಗ್ಗುವುದರ ಸದ್ದು ಅದು. ಬೆಳಗ್ಗೆ ಎದ್ದು ದೇವರ ಪಟ ನೋಡುವ ಮೊದಲು ನಾವು, ಸದ್ದಿದೆಯೇ ಎಂದು, ಕೈಯನ್ನು ಕಿವಿಗೆ ಇಟ್ಟುಕೊಳ್ಳುತ್ತೇವೆ.

ಜಯನಗರದ ಒಂದು ಡಯಾಲಿಸಿಸ್ ಸೆಂಟರಿನಲ್ಲಿ ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಕಿಟಕಿಯ ಬೆಡ್ ನನ್ನದು, ಪಕ್ಕದ್ದು ಅವರದು. ನಾನು ಗಿರಿನಗರದಿಂದ ಆಟೋದಲ್ಲಿ ಬರುವ, ಮಕ್ಕಳಿಗೆ ಕನ್ನಡ ಟ್ಯೂಷನ್ ಹೇಳುವ, ಮೂಗಿನ ತುದಿಯಲ್ಲೇ ಸಿಟ್ಟಿರುವ ಹೆಂಗಸು. ಅವರು ಜೆ.ಪಿ. ನಗರವೆಲ್ಲ ಹೊಲಗದ್ದೆಯಾಗಿದ್ದ ಕಾಲದಿಂದ ಅಲ್ಲೇ ಇದ್ದ ಮನೆತನದವರು. ಅಜ್ಜ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಮೂರಂತಸ್ತು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ನಾವು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದವರಲ್ಲ. ನನಗೆ ಅವರು ಸಾರ್, ಅವರಿಗೆ ನಾನು ಮೇಡಂ. ಬಂದ ಕೂಡಲೇ ಅವರ ಮೊದಲ ಮಾತು, “ಓಡ್ತಾ ಇದ್ಯಾ ಮೇಡಂ?” ಕೈಯೊಳಗಿನ ರಕ್ತದ ವಿಷಯ ಅದು. “ಓಡ್ತಾ ಇದೆ ಸಾರ್” ಎನ್ನುತ್ತಿದ್ದೆ. ಉಳಿದವರು ತಿಂಡಿ ಆಯಿತೇ ಎಂದು ಕೇಳುವ ಹಾಗೆ ನಮಗೆ ಇದು.

ಕೈಗೆ ಆಪರೇಷನ್ ಆದ ಹೊಸದರಲ್ಲಿ, ನರ ಬಲಿಯಲಿ ಎಂದು ಮೆತ್ತನೆಯ ಚೆಂಡೊಂದನ್ನು ಹಿಸುಕುತ್ತಿರಲು ಹೇಳುತ್ತಾರೆ. ನಾನು ವಿಧೇಯಳಾಗಿ ಹಿಸುಕಿದೆ. ಅವರು ಹಿಸುಕಲಿಲ್ಲ. ಅವರ ಮೇಲಿನ ಮನೆಯಲ್ಲಿದ್ದ ಹುಡುಗರು ಖಾಲಿ ಮಾಡುವಾಗ ಒಂದು ಬೇಸ್ ಗಿಟಾರ್ ಬಿಟ್ಟುಹೋಗಿದ್ದರು. ನಾಲ್ಕೇ ತಂತಿ, ಒಂದೊಂದೂ ದಪ್ಪ, ಹೊರಡುವುದೆಲ್ಲ ಕೆಳಗಿನ ಸ್ವರ, ಒತ್ತಿ ಹಿಡಿಯಲು ಎಡಗೈ ಬೆರಳಲ್ಲಿ ಕಸುವು ಬೇಕು. ಅದನ್ನೇ ಎತ್ತಿಕೊಂಡು, ಫೋನಿನಲ್ಲಿ ವಿಡಿಯೊ ನೋಡಿಕೊಂಡು ಕಲಿಯತೊಡಗಿದರು.

“ಇಷ್ಟು ವಯಸ್ಸಾದ ಗಂಡಸು ಸೋಫಾ ಮೇಲೆ ಕೂತು ಬಾಲ್ ಹಿಸುಕ್ತಾ ಇದ್ರೆ ನೋಡಿದೋರು ಏನಂತಾರೆ ಮೇಡಂ?”

“ಗಿಟಾರ್ ಬಾರಿಸಿದ್ರೆ ಏನಂತಾರೆ?”

“ತಲೆ ಕೆಟ್ಟಿದೆ ಅಂತಾರೆ. ಅದು ಪರ್ವಾಗಿಲ್ಲ. ಪಾಪ ಅನ್ನಲ್ವಲ್ಲ.”

ಮಷೀನಿಗೆ ಹಾಕಿದ ಮೇಲೆ ಸೂಜಿ ಇರುವ ಎಡಗೈಯನ್ನು ಅಲ್ಲಾಡಿಸುವಂತಿಲ್ಲ. ಆದ್ದರಿಂದ ಅವರು ಪಾಠವನ್ನೇ ಎರಡು ಭಾಗ ಮಾಡಿದ್ದರು. ಮನೆಯಲ್ಲಿ ಎಡಗೈ ಪಾಠ, ಸೆಂಟರಿನಲ್ಲಿ ಬಲಗೈ ಪಾಠ. ಕಣ್ಣು ಮುಚ್ಚಿ ಮಲಗಿ, ಬಲಗೈಯ ಎರಡು ಬೆರಳುಗಳಿಂದ ಹೊದಿಕೆಯನ್ನು ಮೀಟುತ್ತಲೇ ಇರುತ್ತಿದ್ದರು. ಹೊದಿಕೆಯ ಆ ಮೂಲೆ ಜುಂಗು ಜುಂಗಾಗಿ ಎದ್ದಿತ್ತು. ಆಸ್ಪತ್ರೆಯ ಸಾಮಾನು ಹಾಳು ಮಾಡುತ್ತೀರಿ ಎಂದು ನಾನು ಗದರಿದರೆ, ಇದರಲ್ಲಿ ಶ್ರುತಿ ಸರಿ ಕೂರ್ತಾ ಇಲ್ಲ, ಬೇರೆ ಹೊದಿಕೆ ಕೊಡೋಕೆ ಹೇಳಿ ಎನ್ನುವರು.

ಅವರ ಮನೆಯ ಹತ್ತಿರದ ಒಂದು ಕೆಫೆಯಲ್ಲಿ ತಿಂಗಳಿಗೊಂದು ಭಾನುವಾರ ಸಂಜೆ ಓಪನ್ ಮೈಕ್ ನಡೆಯುತ್ತಿತ್ತು. ಯಾರು ಬೇಕಾದರೂ ವೇದಿಕೆ ಹತ್ತಿ ಹಾಡಬಹುದು, ಬಾರಿಸಬಹುದು, ಜೋಕು ಹೇಳಬಹುದು. ಅಲ್ಲಿ ಒಂದು ಸಲ ಬಾರಿಸಬೇಕು ಎಂಬುದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಆದರೆ ಬೇಸ್ ಒಂದನ್ನೇ ಎಷ್ಟು ಹೊತ್ತು ಕೇಳುತ್ತಾರೆ? ಮೇಲೊಂದು ಹಾಡು ಬೇಕು. ಬೇಸರವಾದಾಗ ನಾನು ನಮ್ಮಮ್ಮ ಹೇಳಿಕೊಟ್ಟ ಒಂದು ದೇವರನಾಮವನ್ನು ಗುನುಗುವುದುಂಟು. ಅದು ಅವರ ಕಿವಿಗೆ ಬಿದ್ದಿತ್ತು.

“ನೀವು ಹಾಡಿ ಮೇಡಂ, ನಾನು ಕೆಳಗಿರ್ತೀನಿ.”

“ನನ್ನ ತಲೆ ಸರಿ ಇದೆ ಸಾರ್.”

“ಮನೆ ಕಟ್ಟಿಸಿದೋನು ಹೇಳ್ತೀನಿ ಕೇಳಿ. ಪಾಯಾನ ಯಾರೂ ನೋಡೋಕೆ ಬರಲ್ಲ. ಗೋಡೆ ಬಣ್ಣ ನೋಡ್ತಾರೆ. ನೀವು ಗೋಡೆ, ನಾನು ಪಾಯ. ನಿಮ್ಮನ್ನ ಬೀಳೋಕೆ ಬಿಡಲ್ಲ.”

ಒಪ್ಪಿಕೊಂಡೆ. ಬ್ಲಡ್ ರಿಪೋರ್ಟ್ ಬಿಟ್ಟರೆ ನಮಗೆ ಕಾಯುವಂಥದ್ದು ಬೇರೆ ಇರಲಿಲ್ಲ. ಕಾಯಲು ಒಂದು ಭಾನುವಾರ ಸಿಕ್ಕಿತು. ಅವರ ಮನೆಯ ಟೆರೇಸಿನ ಕೋಣೆಯಲ್ಲಿ ಅಭ್ಯಾಸ. ಅವರ ಹೆಂಡತಿ ಇಬ್ಬರಿಗೂ ಔಷಧಿಯಷ್ಟು ಕಾಫಿ ತಂದಿಡುತ್ತಿದ್ದರು. ನಮಗೆ ನೀರು ಅಳತೆಯಲ್ಲೇ ಕುಡಿಯಬೇಕು. ಆ ದಾಹ ಎಂಥದೆಂದು ಹೇಳಿದರೆ ತಿಳಿಯುವುದಿಲ್ಲ. “ಈ ಹುಚ್ಚು ಹಿಡಿದ ಮೇಲೆ ಇವ್ರು ನೀರು ಕೇಳೋದೇ ಮರೀತಾರೆ ಅಕ್ಕ. ಹಿಡೀಲಿ ಬಿಡಿ” ಎಂದಿದ್ದರು ಆ ಹೆಣ್ಣುಮಗಳು. ಸಾರ್ ಬಾರಿಸುವಾಗ ನಿಜಕ್ಕೂ ನನ್ನ ಹಾಡು ಎಲ್ಲೂ ಜಾರುತ್ತಿರಲಿಲ್ಲ.

ಸೂಜಿ ತೆಗೆದ ಮೇಲೆ ರಕ್ತ ನಿಲ್ಲಲಿ ಎಂದು ಕೈಗೆ ಬಿಗಿಯಾಗಿ ಬ್ಯಾಂಡೇಜ್ ಕಟ್ಟುತ್ತಾರೆ. ನಾವು ಅದನ್ನು ಕಟ್ಟು ಎನ್ನುತ್ತೇವೆ. ಸ್ವಲ್ಪ ಹೊತ್ತಾದ ಮೇಲೆ ಅದನ್ನು ಸಡಿಲ ಮಾಡಲೇಬೇಕು. ಇಲ್ಲದಿದ್ದರೆ ಒಳಗಿನ ಹರಿವೇ ನಿಂತು ರಕ್ತ ಹೆಪ್ಪುಗಟ್ಟುತ್ತದೆ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತು, ಅವರಿಗೂ ಗೊತ್ತಿತ್ತು. ಒಂದು ಶುಕ್ರವಾರ, ಗಿಟಾರಿಗೆ ರಕ್ತ ತಾಗಬಾರದೆಂದು ಟೆಕ್ನೀಷಿಯನ್ ಹತ್ತಿರ “ಸ್ವಲ್ಪ ಟೈಟಾಗೇ ಹಾಕು ಗುರು” ಎಂದು ಕಟ್ಟಿಸಿಕೊಂಡು ನೇರ ಮನೆಗೆ ಹೋಗಿ ಬಾರಿಸಲು ಕೂತರು. ಹಾಡಿನ ಹೊಸದೊಂದು ಜಾಗ ಕೈಗೆ ಹತ್ತುತ್ತಿತ್ತಂತೆ. ಹೆಂಡತಿ ದೀಪ ಹಚ್ಚಲು ಬಂದಾಗ ಕೈಯ ನೆನಪಾಯಿತು. ಬಿಚ್ಚಿ ಕಿವಿಗೆ ಇಟ್ಟುಕೊಂಡರೆ ಸದ್ದಿರಲಿಲ್ಲ.

ಎರಡು ದಿನ ಆಸ್ಪತ್ರೆಯಲ್ಲಿ ಏನೇನೋ ಮಾಡಿದರೂ ಆ ನರ ಮತ್ತೆ ಓಡಲಿಲ್ಲ. ಸೋಮವಾರ ಅವರು, ಕೈಯ ಬದಲು ಅಲ್ಲಿಂದ ರಕ್ತ ಮಷೀನಿಗೆ ಹೋಗಿ ಬರಲೆಂದು, ಕತ್ತಿಗೆ ಪೈಪ್ ಹಾಕಿಸಿಕೊಂಡು ಬಂದರು. ಎಡಗೈ ಎತ್ತಿ ಮಡಚಿ ಬಿಚ್ಚಿ ತೋರಿಸಿದರು. “ಒಂದು ಲಾಭ ಆಯ್ತು ನೋಡಿ. ಈಗ ಈ ಕೈ ನಂದೇ. ಎರಡೂ ಪಾಠ ಇಲ್ಲೇ ಆಗುತ್ತೆ.” ನನಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಕತ್ತಿನ ಪೈಪ್ ಹೆಚ್ಚು ದಿನ ಇಟ್ಟುಕೊಳ್ಳುವಂಥದ್ದಲ್ಲ, ಬಲಗೈಗೆ ಬೇಗ ಹೊಸ ಫಿಸ್ಟುಲಾ ಮಾಡಿಸಿ ಎಂದರು ಡಾಕ್ಟರು. ಬಲಗೈ ಕೊಯ್ಯಿಸಿಕೊಂಡರೆ ಮೀಟುವುದು ಯಾವುದರಲ್ಲಿ? “ಭಾನುವಾರ ಒಂದು ಕಳೀಲಿ ಡಾಕ್ಟ್ರೇ” ಎಂದು ಮುಂದೆ ಹಾಕಿದರು. ಎಲ್ಲರಂತೆ ನಾನೂ ಬೈದೆ. ಬೈಸಿಕೊಂಡು ನಗುತ್ತಿದ್ದರು. ಆದರೆ ಅಂದಿನಿಂದ ನನ್ನ ಕೈಯ ಕಾವಲು ಅವರದಾಯಿತು. ಸೂಜಿ ತೆಗೆಸಿಕೊಂಡು ನಾನು ಹೊರಗಿನ ಬೆಂಚಿನಲ್ಲಿ ಕೂತರೆ, ಆಟೋಗೆ ಹೊರಟಿದ್ದವರೂ ಎದುರಿಗೆ ಬಂದು ನಿಲ್ಲುತ್ತಿದ್ದರು. “ಮೇಡಂ, ಕಟ್ಟು.” ನಾನು ಸಡಿಲ ಮಾಡಿ, ಕಿವಿಗಿಟ್ಟು, ಓಡ್ತಾ ಇದೆ ಎಂದು ಹೇಳುವವರೆಗೂ ಕದಲುತ್ತಿರಲಿಲ್ಲ.

ಓಪನ್ ಮೈಕಿಗೆ ಮುಂಚಿನ ಶುಕ್ರವಾರ ಮಷೀನು ಶುರುವಾಗಿ ಸ್ವಲ್ಪ ಹೊತ್ತಿಗೆ ಅವರ ಬೆರಳು ನಿಂತಿತು. ತಿರುಗಿ ನೋಡಿದೆ. ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು ಗಡಗಡ ನಡುಗುತ್ತಿದ್ದರು. ಕತ್ತಿನ ಪೈಪ್ ಇದ್ದವರಿಗೆ ಚಳಿ ಬಂದರೆ ಏನರ್ಥವೆಂದು ನಮಗೆ ಯಾರೂ ಹೇಳಬೇಕಾಗಿಲ್ಲ. ರಕ್ತಕ್ಕೆ ನಂಜು ಸೇರಿದೆ ಎಂದು. ಅವರು ನನ್ನನ್ನೇ ನೋಡುತ್ತ ತುಟಿಯ ಮೇಲೆ ಬೆರಳಿಟ್ಟರು. ಹೇಳಬೇಡಿ ಎಂದು. ಹೇಳಿದರೆ ಅಡ್ಮಿಟ್ ಮಾಡುತ್ತಾರೆ, ಭಾನುವಾರ ಹೋಗುತ್ತದೆ.

ನಾನು ಹಾಲ್ ಅದುರುವ ಹಾಗೆ ಟೆಕ್ನೀಷಿಯನ್‌ನನ್ನು ಕೂಗಿದೆ.

ಗಾಲಿಕುರ್ಚಿಯಲ್ಲಿ ಕೂರಿಸಿ ಕರೆದೊಯ್ಯುವಾಗ ನನ್ನ ಬೆಡ್ ಪಕ್ಕ ನಿಲ್ಲಿಸಲು ಹೇಳಿದರು. ಹಲ್ಲು ಕಟಕಟ ಎನ್ನುತ್ತಿತ್ತು. “ಭಾನುವಾರ ಆದ್ಮೇಲೆ ಕೂಗ್ಬಹುದಿತ್ತಲ್ಲ ಮೇಡಂ.”

“ಸುಮ್ನೆ ಹೋಗಿ ಸಾರ್. ಮುಂದಿನ ತಿಂಗಳೂ ಭಾನುವಾರ ಬರುತ್ತೆ.”

ಕೈಯಲ್ಲಿ ಸೂಜಿ ಇತ್ತು, ನನಗೆ ಎದ್ದು ಬಾಗಿಲವರೆಗೆ ಹೋಗಲೂ ಆಗಲಿಲ್ಲ. ಕೂಗಿದ್ದು ಸರಿ. ಇವತ್ತೂ ಕೂಗುತ್ತೇನೆ. ಆದರೂ ಆ ಮನುಷ್ಯನಿಗೆ ನಾನು ಹೇಳಿದ ಕೊನೆಯ ಮಾತು ಸುಳ್ಳಾಯಿತು.

ಭಾನುವಾರ ಸಂಜೆ ಯಾಕೋ ಹಾಡಿಗೆಂದು ತೆಗೆದಿಟ್ಟಿದ್ದ ಸೀರೆಯನ್ನೇ ಉಟ್ಟು ಮನೆಯಲ್ಲಿ ಕೂತಿದ್ದೆ. ಅವರ ಹೆಂಡತಿಗೆ ಫೋನ್ ಮಾಡಿದರೆ, “ಇನ್ನೂ ಐಸಿಯುಲೇ ಇದಾರೆ ಅಕ್ಕ. ಬೆರಳು ಮಾತ್ರ ಆಡಿಸ್ತಾನೇ ಇದಾರೆ” ಎಂದರು.

ಸೋಮವಾರ ಪಕ್ಕದ ಬೆಡ್‌ನಲ್ಲಿ ಬೇರೆ ಯಾರೋ ಮಲಗಿದ್ದರು. ನಮ್ಮ ಸೆಂಟರಿನಲ್ಲಿ ಸತ್ತರು ಎಂಬ ಮಾತನ್ನು ಯಾರೂ ಆಡುವುದಿಲ್ಲ. ಮಲಗಿರುವವರೆಲ್ಲ ಕೇಳಿಸಿಕೊಳ್ಳುತ್ತಾರಲ್ಲ. ಟೆಕ್ನೀಷಿಯನ್ ನನ್ನ ಕೈಯನ್ನು ಒರೆಸುತ್ತ, ಮುಖ ನೋಡದೆ, “ಅವರ ಶಿಫ್ಟ್ ಚೇಂಜ್ ಆಯ್ತು ಮೇಡಂ” ಎಂದ. ಯಾವ ಶಿಫ್ಟಿಗೆ ಎಂದು ಕೇಳುವ ಪದ್ಧತಿ ಇಲ್ಲ. ನಾನು ಗೋಡೆಯ ಕಡೆ ತಿರುಗಿದೆ.

ಅಂದು ಕಟ್ಟು ಹಾಕಿಸಿಕೊಂಡು ಬೆಂಚಿನಲ್ಲಿ ಕೂತೆ. ಎಷ್ಟು ಹೊತ್ತು ಕೂತಿದ್ದೆನೋ, ಬೆರಳ ತುದಿಗಳು ಜೋಮು ಹಿಡಿದವು. ಆಗ ತಿಳಿಯಿತು, ಎದುರಿಗೆ ಬಂದು ನಿಂತು ಹೇಳುವವರಿಗಾಗಿ ಕಾಯುತ್ತಿದ್ದೇನೆ ಎಂದು. ಗಡಬಡಿಸಿ ಸಡಿಲ ಮಾಡಿದೆ. ಕಿವಿಗೆ ಇಟ್ಟುಕೊಂಡೆ. ಗುಂಯ್ ಎನ್ನುತ್ತಿತ್ತು, ಕೆಳಗಿನ ಸ್ವರದಲ್ಲಿ, ಒಂದೇ ಸಮನೆ. ಅದರ ಮೇಲೆ ನಮ್ಮ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಬಾಯೊಳಗೇ ಹಾಡಿದೆ. ಎಲ್ಲೂ ಜಾರಲಿಲ್ಲ.

ಯಾರನ್ನೋ ಕರೆತಂದಿದ್ದ ಹೆಂಗಸೊಬ್ಬಳು ನನ್ನ ಕಣ್ಣು ನೋಡಿ ಹತ್ತಿರ ಬಂದಳು. “ಕೈ ತುಂಬಾ ನೋಯ್ತಿದ್ಯಾ ಆಂಟಿ?”

“ಇಲ್ಲಮ್ಮ” ಎಂದೆ. “ಓಡ್ತಾ ಇದೆ.”