ಅಂತರಸಂತೆಯಿಂದ ಬಂದ ತೊಗಲು

ಹುಣಸೂರಿನ ದನದ ಆಸ್ಪತ್ರೆಗೆ ನಾನು ಡಾಕ್ಟರಾಗಿ ಬಂದ ಮೊದಲ ವರ್ಷದ ಮಾತು. ಪಕ್ಕದ ಕೋಟೆ ತಾಲ್ಲೂಕಿನಲ್ಲಿ ಕ್ಯಾಂಪ್ ಮಾಡಿದ್ದಾಗ ಅಂತರಸಂತೆಯ ರೈತರೊಬ್ಬರು ಬಂದು, ನಾಲ್ಕು ದಿನದಲ್ಲಿ ಎರಡು ಎತ್ತು ಸತ್ತವೆಂದರು. ಗಾಡಿ ಕಟ್ಟಿಸಿಕೊಂಡು ಅವರ ಜೊತೆಗೇ ಹೋದೆ. ಅಂದು ಬೆಳಿಗ್ಗೆ ಸತ್ತ ಎತ್ತಿನ ಮೂಗಿನಿಂದ ಕಪ್ಪು ರಕ್ತ ಹೆಪ್ಪುಗಟ್ಟದೆ ಹರಿದಿತ್ತು. ಹಳ್ಳಿಯವರು ನೆರಡಿ ಎನ್ನುವ, ಮನುಷ್ಯರಿಗೂ ಅಂಟುವ ಆಂಥ್ರಾಕ್ಸ್ ರೋಗವಿರಬಹುದೆಂದು ಅನುಮಾನವಾಯಿತು.

ಅಂಥ ದನವನ್ನು ಕೊಯ್ಯಬಾರದು. ಮುಚ್ಚಿದ ದೇಹದೊಳಗೆ ಆ ರೋಗಾಣು ಕೊಳೆತದ ಜೊತೆ ಸಾಯುತ್ತದೆ. ಗಾಳಿ ತಾಕಿತೆಂದರೆ ಬೀಜದಂತೆ ಗಟ್ಟಿ ಸಿಪ್ಪೆ ಹೊದ್ದು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಕಿವಿಯ ತುದಿ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿಕೊಂಡೆ. ಆಳವಾಗಿ ಗುಂಡಿ ತೋಡಿಸಿ, ಸುಣ್ಣ ಸುರಿಸಿ ಹೂಳಿಸಿದೆ. ಮೊದಲಿನ ಎತ್ತನ್ನು ಏನು ಮಾಡಿದಿರಿ ಎಂದು ಕೇಳಿದೆ.

ರೈತರು ತಲೆ ತಗ್ಗಿಸಿದರು. "ತೊಗಲು ಕೊಟ್ಬುಟ್ಟೆ ಬುದ್ಧಿ. ಉಣಸೂರಿನ ಸಾಬ್ರು ಎಗಲ ಮೇಲೆ ಒತ್ಕೊಂಡೋದ್ರು."

ಹುಣಸೂರಿಗೆ ಬರುವ ದಾರಿಯುದ್ದಕ್ಕೂ ಬಸ್ಸಿನಲ್ಲಿ ಸರಿಯಾಗಿ ಕೂರಲಾಗಲಿಲ್ಲ. ಆಸ್ಪತ್ರೆಯಲ್ಲಿ ರಕ್ತಕ್ಕೆ ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೆರಡಿಯೇ, ಅನುಮಾನಕ್ಕೆ ಎಡೆಯೇ ಇರಲಿಲ್ಲ: ತುದಿ ಚೌಕವಾಗಿ ಕತ್ತರಿಸಿದಂಥ ಕಡ್ಡಿಗಳು ಒಂದಕ್ಕೊಂದು ಸೇರಿ ಸಾಲುಗಟ್ಟಿದ್ದವು, ಸುತ್ತ ನಸುಗೆಂಪು ಪೊರೆ.

ಕೈ ತೊಳೆದು ಆ ತೊಗಲಿನ ವ್ಯಾಪಾರಿ ಸಾಬರ ಮನೆಗೆ ಓಡಿದೆ. ಅಂಗಳದಲ್ಲಿ ಉಪ್ಪು ಹಚ್ಚಿದ ತೊಗಲು ಹರಡಿತ್ತು. ಅವರ ಕುತ್ತಿಗೆಯ ಮೇಲೆ, ಹೊರೆ ಉಜ್ಜಿದ ಜಾಗದಲ್ಲೇ, ಒಂದು ಗುಳ್ಳೆ ಎದ್ದಿತ್ತು. ಹೆಂಡತಿ ಅರಿಸಿನ ಹಚ್ಚುತ್ತಿದ್ದರು.

"ನೋವಿದೆಯಾ?" ಎಂದೆ.

"ಸಿಡೀತದೆ ಕಣ್ರೀ ಡಾಕ್ಟ್ರೇ, ತಲೆ ತಿರುಗಿಸಕಾಗಲ್ಲ."

ನೆರಡಿಯ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ನಡುವೆ ಕಪ್ಪಾಗುತ್ತದೆ. ಆ ಒಂದು ಮಾತನ್ನೇ ಹಿಡಿದುಕೊಂಡು ಅವರನ್ನು ಊರಿನ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿನ ಡಾಕ್ಟರು ಕೀವು ತೆಗೆದು ಬಣ್ಣ ಹಾಕಿದರು. ಬಣ್ಣದಿಂದ ತಿಳಿಯುವಂತಿರಲಿಲ್ಲ, ನೆರಡಿಯ ರೋಗಾಣುವೂ ಸಾಮಾನ್ಯ ಕುರುವಿನದೂ ಎರಡೂ ನೇರಳೆಗೆ ತಿರುಗುತ್ತವೆ. ಆಕಾರವೇ ಹೇಳಬೇಕು. ಡಾಕ್ಟರು ತುಂಬ ಹೊತ್ತು ನೋಡಿ ನನಗೆ ಜಾಗ ಬಿಟ್ಟರು. ಕಡ್ಡಿಗಳಿರಲಿಲ್ಲ. ಗುಂಡಗಿನ ಸಣ್ಣ ಚುಕ್ಕಿಗಳು ಗೊಂಚಲುಗೊಂಚಲಾಗಿದ್ದವು. ಬರೀ ಕುರು.

ಆದರೂ ಒಂದು ಗಾಜಿನ ಪಟ್ಟಿಯನ್ನು ನಂಬಿ ಸುಮ್ಮನಿರಲು ನನ್ನಿಂದಾಗಲಿಲ್ಲ. ತೊಗಲನ್ನು ನನ್ನೆದುರಿಗೇ ಸುಡಿಸಿದೆ. ಚಾಕು, ಬಟ್ಟೆಗಳನ್ನು ಅವರ ಹೆಂಡತಿ ಬಹಳ ಹೊತ್ತು ಕುದಿಸಿದರು. ಅಂತರಸಂತೆಗೆ ಮತ್ತೆ ಹೋಗಿ ಉಳಿದ ದನಗಳಿಗೆಲ್ಲ ಚುಚ್ಚುಮದ್ದು ಹಾಕಿ ಬಂದೆ. ಊರಿನಲ್ಲಿದ್ದ ದಿನ ಬೆಳಿಗ್ಗೆ, ಸಂಜೆ ಅವರ ಕುತ್ತಿಗೆ ನೋಡುವುದು, ಮನೆಗೆ ಬಂದು ನನ್ನ ಬೆರಳುಗಳನ್ನು ದೀಪಕ್ಕೆ ಹಿಡಿದು ನೋಡಿಕೊಳ್ಳುವುದು. ಎಂಟನೆಯ ದಿನ ಕುರು ಒಡೆದು ಒಣಗಿತ್ತು.

"ನನ್ನ ಕುತ್ತಿಗೆ ಬುಡಿ ಡಾಕ್ಟ್ರೇ," ಎಂದರು ಅವರು. "ನೀವೇ ಸೊರಗೋಗಿದೀರಿ. ಕೂತ್ಕಳಿ, ಉಂಡ್ಕೊಂಡ್ ಓಗಿ."

ಅಂದು ಅವರ ಮನೆಯಲ್ಲಿ ಉಂಡೆ. ಮುಂದೆ ಇದ್ದಕ್ಕಿದ್ದಂತೆ ಸತ್ತ ದನದ ತೊಗಲನ್ನು ಅವರು ಮುಟ್ಟಲಿಲ್ಲ. ಸುದ್ದಿ ಬಂದರೆ ಮೊದಲು ನನಗೆ ಹೇಳಿ ಕಳಿಸುತ್ತಿದ್ದರು. ಹಾಗೆ ಕರೆ ಬಂದಾಗಲೆಲ್ಲ ನಾನು ಗಾಜಿನ ಪಟ್ಟಿಗಳನ್ನು ಜೇಬಿಗೆ ಹಾಕಿಕೊಂಡು, ಅರ್ಧ ಕುಡಿದ ಕಾಫಿ ಬಿಟ್ಟು ಹೊರಡುತ್ತಿದ್ದೆ.